ಎತ್ತಿದ ಮೇಲೆ ಓಡು: ಹರೆಯದ ರಕ್ತನಾಳಕ್ಕೆ ಯಾವ ವ್ಯಾಯಾಮ ಏನು ಮಾಡುತ್ತದೆ

ಮುಂಬಯಿ ಮಾಟುಂಗದ ಫೈವ್ ಗಾರ್ಡನ್ಸ್‌ನಲ್ಲಿ ಭಾನುವಾರ ಬೆಳಿಗ್ಗೆ ನಡೆಯಲು ಹೋಗುವುದು ನನ್ನ ಹಳೆಯ ರೂಢಿ. ಕಳೆದ ತಿಂಗಳು ಅಕ್ಕನ ಮಗ ಮುಲುಂಡಿನಿಂದ ಲೋಕಲ್ ಹಿಡಿದು ಅಲ್ಲಿಗೇ ಬಂದ. ಇಪ್ಪತ್ತನಾಲ್ಕರ ಹುಡುಗ, ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ. ಎರಡು ವರ್ಷದಿಂದ ರಾತ್ರಿ ಒಂಬತ್ತಕ್ಕೆ ಜಿಮ್ ತಪ್ಪಿಸಿದವನಲ್ಲ. ಮೊಬೈಲ್ ನನ್ನ ಮುಂದೆ ಹಿಡಿದು, "ಮಾವ, ವೇಯ್ಟ್ ಎತ್ತಿದ್ರೆ ನರ ಗಟ್ಟಿ ಆಗ್ತದಂತೆ, ಹೌದಾ?" ಎಂದ. ಅರ್ಧ ನಿಮಿಷದ ವಿಡಿಯೊ. ಯಾರೋ ಒಬ್ಬರು ಕೈ ಬೀಸಿ ಬೀಸಿ, ಭಾರ ಎತ್ತುವವರ ರಕ್ತನಾಳ ಕಲ್ಲಾಗುತ್ತದೆ ಎಂದು ಹೇಳುತ್ತಿದ್ದರು.

ಅವನ ಮುಖದಲ್ಲಿದ್ದುದು ಬರೀ ಕುತೂಹಲವಲ್ಲ. ನಮ್ಮ ಭಾವನಿಗೆ, ಅಂದರೆ ಅವನ ಅಪ್ಪನಿಗೆ, ಐವತ್ತೆರಡಕ್ಕೇ ಬೈಪಾಸ್ ಆಗಿದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಸರಾಸರಿ ವಯಸ್ಸು 53, ಉಳಿದ ದೇಶದವರಿಗೆ ಸುಮಾರು 59. ಆರು ವರ್ಷದ ಆ ಅಂತರವನ್ನು ನಮ್ಮ ಮನೆ ಕಣ್ಣಾರೆ ಕಂಡಿದೆ. "ಬಿಟ್ಟುಬಿಡ್ಲಾ?" ಎಂದು ಅವನು ಕೇಳಿದ. ಫಿಸಿಯೋಥೆರಪಿಯೇ ನನ್ನ ವೃತ್ತಿ. ಆದರೂ ಆ ಪ್ರಶ್ನೆಗೆ ಒಂದು ಮಾತಿನ ಉತ್ತರ ಇರಲಿಲ್ಲ. ಆ ದಿನ ಮೂರು ಸುತ್ತು ನಡೆಯುತ್ತ ಅವನಿಗೆ ಹೇಳಿದ್ದನ್ನು ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡ ಹುಡುಗ ಹುಡುಗಿಯರು ಡೊಂಬಿವ್ಲಿಯಿಂದ ಬೊರಿವ್ಲಿಯವರೆಗೆ ಎಷ್ಟೋ ಜನ ಇದ್ದಾರೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಮಾತಿನಲ್ಲಿ ನರ ಎಂದರೆ ನರವೂ ಹೌದು, ರಕ್ತನಾಳವೂ ಹೌದು. ಇಲ್ಲಿ ಮಾತು ಅಪಧಮನಿಯದು, ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಕೊಳವೆಯದು. ಅದಕ್ಕೆ ಬರುವ ತೊಂದರೆಯಲ್ಲಿ ಎರಡು ಬಗೆ. ಒಂದು, ಒಳಗೋಡೆಯಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗುವುದು. ನಾವೆಲ್ಲ ಬ್ಲಾಕ್ ಎನ್ನುವುದು ಇದನ್ನೇ. ಇನ್ನೊಂದು, ಗೋಡೆಯೇ ತನ್ನ ಮೆತುತನ ಕಳೆದುಕೊಂಡು ಪೆಡಸಾಗುವುದು. ದಾರಿ ಪೂರಾ ತೆರೆದಿದ್ದರೂ ಗೋಡೆ ಪೆಡಸಾಗಿರಬಹುದು. ಎರಡೂ ಒಂದಕ್ಕೊಂದು ನೆಂಟರು, ಆದರೆ ಒಂದೇ ಅಲ್ಲ. ವಿಡಿಯೊದವರು ಹೇಳಿದ್ದು ಎರಡನೆಯದನ್ನು. ಅಳಿಯ ಹೆದರಿದ್ದು ಮೊದಲನೆಯದಕ್ಕೆ.

ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ನೀರು ಬಿಡುವ ಹೊತ್ತಿಗೆ ಡ್ರಮ್ ತುಂಬಿಸಲು ಎರಡು ಪೈಪುಗಳಿವೆ. ಒಂದು ಹೊಸದು, ಒಳಗೇ ಸುತ್ತಿಟ್ಟದ್ದು. ನೀರು ಜೋರಾಗಿ ನುಗ್ಗಿದಾಗ ಹಿಡಿದ ಕೈಗೆ ಅದು ಉಬ್ಬುವುದು ತಿಳಿಯುತ್ತದೆ, ನೀರಿನ ಬಡಿತ ಅದರೊಳಗೇ ಅಡಗುತ್ತದೆ. ಇನ್ನೊಂದು ನಾಲ್ಕು ಬೇಸಿಗೆ ಟೆರೇಸಿನ ಬಿಸಿಲುಂಡದ್ದು. ನಲ್ಲಿ ತಿರುಗಿಸಿದ ಕೂಡಲೇ ತುದಿ ಹಾವಿನಂತೆ ಎಗರಿ ಡ್ರಮ್ಮಿನಿಂದ ಹೊರಬೀಳುತ್ತದೆ. ನೀರು ಅದೇ, ಒತ್ತಡ ಅದೇ. ಉಬ್ಬಿ ತಡೆದುಕೊಳ್ಳುವ ಗುಣ ಹೋದ ಪೈಪು ಆ ಬಡಿತವನ್ನೆಲ್ಲ ಹಾಗೇ ತುದಿಗೆ ದಾಟಿಸುತ್ತದೆ.

ಹೃದಯದಿಂದ ಹೊರಡುವ ಮಹಾಪಧಮನಿಯ ಕೆಲಸ ಹೊಸ ಪೈಪಿನದು. ಹೃದಯ ಒಮ್ಮೆ ಹಿಂಡಿದಾಗ ಹೊರಬಂದ ರಕ್ತದಲ್ಲಿ ಸುಮಾರು ಅರ್ಧದಷ್ಟನ್ನು ಅದು ಹಿಗ್ಗಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಹೃದಯ ಸಡಿಲಿಸಿದಾಗ ಮೆಲ್ಲಗೆ ಕುಗ್ಗಿ ಅದನ್ನು ಮುಂದೆ ದೂಡುತ್ತದೆ. ಹೃದಯ ಬಿಟ್ಟು ಬಿಟ್ಟು ಮಿಡಿದರೂ ಬೆರಳ ತುದಿಯ ಕೂದಲೆಳೆಯಂಥ ನಾಳಗಳಲ್ಲಿ ರಕ್ತ ಒಂದೇ ಸಮ ಹರಿಯುವುದು ಇದರಿಂದ. 1733ರಷ್ಟು ಹಿಂದೆಯೇ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಇದನ್ನು ಆ ಕಾಲದ ಬೆಂಕಿ ಆರಿಸುವ ಪಂಪಿನ ಗಾಳಿಗೂಡಿಗೆ ಹೋಲಿಸಿದ್ದ. ಕೈಯಿಂದ ಬಿಟ್ಟು ಬಿಟ್ಟು ಒತ್ತಿದರೂ ಆ ಪಂಪಿನಿಂದ ನೀರು ಧಾರೆಯಾಗಿ ಬರುತ್ತಿತ್ತು. ಹೃದಯದ ಸ್ನಾಯುವಿಗೂ ತನ್ನ ಪಾಲಿನ ರಕ್ತದ ಹೆಚ್ಚಿನ ಭಾಗ ಸಿಗುವುದು ಅದು ಸಡಿಲಿಸಿದ ಹೊತ್ತಿನಲ್ಲೇ. ಮಹಾಪಧಮನಿ ಪೆಡಸಾದರೆ ಮೇಲಿನ ಬಿಪಿ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಹೃದಯ ಹೆಚ್ಚು ದುಡಿಯಬೇಕು, ಆದರೆ ಅದಕ್ಕೆ ಸಿಗುವ ರಕ್ತ ಕಡಿಮೆ. ಮಿದುಳು, ಮೂತ್ರಪಿಂಡಗಳ ನವಿರು ನಾಳಗಳಿಗೆ ಬಡಿತ ನೇರವಾಗಿ ತಾಗುತ್ತದೆ.

ಪೈಪಿನ ಹೋಲಿಕೆ ಇಲ್ಲಿಗೆ ಸಾಕು, ಏಕೆಂದರೆ ರಕ್ತನಾಳ ಜೀವವಿರುವ ವಸ್ತು. ಅದರ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಎಳೆಗಳಿವೆ, ಹಿಗ್ಗಿ ಮತ್ತೆ ಮೊದಲಿನಂತಾಗುವ ಇಲಾಸ್ಟಿಕ್ಕಿನ ಹಾಗೆ. ಜೊತೆಗೆ ಕೊಲಾಜೆನ್ ಎಂಬ ಎಳೆಗಳು, ತೆಂಗಿನ ನಾರಿನ ಹುರಿಯ ಹಾಗೆ, ಎಳೆದರೆ ಬಗ್ಗುವುದಿಲ್ಲ. ಎಲಾಸ್ಟಿನ್ ತಾಯ ಗರ್ಭದಲ್ಲಿ, ಬಾಲ್ಯದಲ್ಲಿ ನೇಯ್ದದ್ದು. ಆಮೇಲೆ ಹೊಸದು ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ನಿಮಿಷಕ್ಕೆ 70ರಂತೆ ಮಿಡಿದರೆ ದಿನಕ್ಕೆ ಒಂದು ಲಕ್ಷ ಸಲ ಅದು ಹಿಗ್ಗಿ ಕುಗ್ಗಬೇಕು. ವರ್ಷಗಳು ಉರುಳಿದಂತೆ ಎಳೆಗಳು ಸವೆದು ಕಡಿಯುತ್ತವೆ, ಭಾರ ನಾರಿನ ಹುರಿಯ ಮೇಲೆ ಬೀಳುತ್ತದೆ. ವಯಸ್ಸಾದವರ ಪೆಡಸು ಹೆಚ್ಚಾಗಿ ಈ ಬಗೆಯದು.

ಆದರೆ ಗೋಡೆಯಲ್ಲಿ ಇನ್ನೂ ಎರಡು ಇವೆ. ಹರೆಯದವರ ವಿಷಯದಲ್ಲಿ ಅವೇ ಮುಖ್ಯ. ಒಂದು ನುಣುಪು ಸ್ನಾಯು. ಅದು ಬಿಗಿದರೆ ನಾಳ ಬಿಗಿಯುತ್ತದೆ, ಸಡಿಲಿಸಿದರೆ ಸಡಿಲ. ಇನ್ನೊಂದು ಎಲ್ಲಕ್ಕಿಂತ ಒಳಗಿನ ತೆಳುಪದರ. ರಕ್ತ ರಭಸವಾಗಿ ಉಜ್ಜಿಕೊಂಡು ಹರಿದಾಗ ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ, ಅದು ಆ ಸ್ನಾಯುವಿಗೆ ಸಡಿಲಿಸು ಎಂಬ ಸುದ್ದಿ ಮುಟ್ಟಿಸುತ್ತದೆ. ಈ ಅನಿಲದ ಕೆಲಸ ಕಂಡುಹಿಡಿದದ್ದಕ್ಕೆ 1998ರಲ್ಲಿ ಮೂವರಿಗೆ ನೊಬೆಲ್ ಬಂತು. ಎಲಾಸ್ಟಿನ್ ಸವೆದರೆ ಸವೆದದ್ದೇ. ಸ್ನಾಯುವಿನ ಬಿಗಿತ ಮಾತ್ರ ವಾರ ತಿಂಗಳುಗಳಲ್ಲಿ ಏರಬಹುದು, ಇಳಿಯಬಹುದು. ಮುಂದೆ ಬರುವ ಅಧ್ಯಯನಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿದ್ದರೆ ಅರ್ಧ ಭಯ ತಾನೇ ಹೋಗುತ್ತದೆ.

ಪೆಡಸನ್ನು ಅಳೆಯುವುದು ಹೇಗೆ? ನಮ್ಮ ಕರಾವಳಿಯವರಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನ ಉದಾಹರಣೆ ಸಾಕು. ಕುರ್ಲಾ ಟರ್ಮಿನಸ್ಸಿನಲ್ಲಿ ಗಾಡಿ ಹೊರಡುವಾಗ ಎಂಜಿನ್ ಎಳೆದ ಜಗ್ಗು ಬೋಗಿಯಿಂದ ಬೋಗಿಗೆ ಹಾಯುತ್ತದೆ. ಗಾಡಿ ಇನ್ನೂ ಗೇಣು ಸರಿದಿರುವುದಿಲ್ಲ, ಜಗ್ಗು ಕೊನೆಯ ಬೋಗಿ ಮುಟ್ಟಿರುತ್ತದೆ. ಕೊಂಡಿ ಸಡಿಲವಿದ್ದರೆ ಜಗ್ಗು ತಡವಾಗಿ ತಲುಪುತ್ತದೆ, ಬಿಗಿಯಿದ್ದರೆ ಬೇಗ. ನಾಡಿಯೂ ಹಾಗೆಯೇ. ಕೈಗೆ ತಾಗುವ ಮಿಡಿತ ಹರಿಯುವ ರಕ್ತವಲ್ಲ, ಗೋಡೆಯ ಗುಂಟ ರಕ್ತಕ್ಕಿಂತ ಎಷ್ಟೋ ವೇಗವಾಗಿ ಓಡುವ ಅಲೆ. ಕತ್ತಿನ ಪಕ್ಕದಲ್ಲೊಂದು, ತೊಡೆಸಂದಿಯಲ್ಲೊಂದು ಸೆನ್ಸರ್ ಇಟ್ಟು, ಒಂದೇ ಮಿಡಿತದ ಅಲೆ ಎರಡೂ ಕಡೆ ಎಷ್ಟು ಅಂತರದಲ್ಲಿ ಮುಟ್ಟಿತು ಎಂದು ನೋಡುತ್ತಾರೆ. ದಾರಿ ಅರ್ಧ ಮೀಟರ್, ಅಂತರ ಸೆಕೆಂಡಿನ ಸಾವಿರದಲ್ಲಿ 80 ಪಾಲು ಎಂದುಕೊಳ್ಳಿ. ವೇಗ ಸೆಕೆಂಡಿಗೆ 6.25 ಮೀಟರ್. ಮೂವತ್ತರ ಒಳಗಿನ ಆರೋಗ್ಯವಂತರಲ್ಲಿ ಆರು ಚಿಲ್ಲರೆ ಇರುವುದೇ ವಾಡಿಕೆ. ಅದೇ ದಾರಿಯನ್ನು ಅಲೆ 50 ಪಾಲಿನಲ್ಲಿ ಮುಟ್ಟಿದರೆ ವೇಗ 10 ಮೀಟರ್. ವೈದ್ಯರು ಎಚ್ಚರದ ಗೆರೆ ಎಳೆದಿರುವುದು ಅಲ್ಲೇ.

ಸುಮಾರು 16 ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 17 ಅಧ್ಯಯನಗಳನ್ನು 2010ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಈ ವೇಗ 1 ಮೀಟರ್ ಹೆಚ್ಚಿದ್ದರೆ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 15ರಷ್ಟು ಹೆಚ್ಚು ಎಂದು ಕಂಡಿತು. ಅವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು, ಹಲವರು ರೋಗಿಗಳು. ಇಪ್ಪತ್ತನಾಲ್ಕರ ಹುಡುಗನಿಗೆ ಈ ಲೆಕ್ಕವನ್ನು ಹಾಗೇ ಅಂಟಿಸಬಾರದು.

ಇನ್ನೊಂದು ಮಾತು. ಈಗ ಕೆಲವು ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ತೋಳಿಗೂ ಪಾದದ ಗಂಟಿಗೂ ಪಟ್ಟಿ ಸುತ್ತಿ ಅಳೆಯುತ್ತಾರೆ. ಅದರಲ್ಲಿ ಕೈಕಾಲಿನ ನಾಳಗಳೂ ಸೇರುವುದರಿಂದ ಆರೋಗ್ಯವಂತ ಯುವಕರಿಗೂ 10, 11 ಮೀಟರ್ ಬರುವುದು ಸಹಜ. ಆ ಅಂಕಿಯನ್ನು ಮೇಲಿನ ಹತ್ತರ ಗೆರೆಗೆ ಹಿಡಿದು ನೋಡಿ ಬೆಚ್ಚಿಬಿದ್ದ ಒಬ್ಬಳು ಹುಡುಗಿ ನನ್ನ ಬಳಿ ಅತ್ತಿದ್ದಾಳೆ. ಆವತ್ತು ಅವಳು ಎರಡು ಲೋಟ ಫಿಲ್ಟರ್ ಕಾಫಿ ಕುಡಿದು, ಬಿರುಸಿನಲ್ಲಿ ದಾದರ್ ಸೇತುವೆ ಹತ್ತಿಳಿದು ನೇರ ಪರೀಕ್ಷೆಗೆ ಹೋಗಿದ್ದಳು. ಕಾಫಿಯ ಕೆಫೀನ್ ಒಂದೆರಡು ತಾಸು ನಾಳವನ್ನು ಬಿಗಿಗೊಳಿಸುತ್ತದೆ, ಏರಿದ ಬಿಪಿಯೂ ಅಂಕಿಯನ್ನು ಏರಿಸುತ್ತದೆ. ಹತ್ತು ನಿಮಿಷ ಸುಮ್ಮನೆ ಮಲಗಿ, ಕಾಫಿ ಸಿಗರೇಟು ಇಲ್ಲದೆ ಅಳೆಸಿದ್ದು ಮಾತ್ರ ಅಳತೆ.

ಈಗ ಅಳಿಯನ ಪ್ರಶ್ನೆಗೆ ಬರೋಣ. ಆ ವಿಡಿಯೊ ಪೂರ್ತಿ ಸುಳ್ಳಲ್ಲ. 2004ರಲ್ಲಿ ಜಪಾನಿನ ಮಿಯಾಚಿ ಮತ್ತು ಜೊತೆಗಾರರು 20ರಿಂದ 38ರ ವಯಸ್ಸಿನ 28 ಆರೋಗ್ಯವಂತ ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನದಂತೆ ನಾಲ್ಕು ತಿಂಗಳು ಭಾರ ಎತ್ತಿತು. ಕತ್ತಿನ ಅಪಧಮನಿ ಹಿಗ್ಗುವ ಗುಣ ಅವರಲ್ಲಿ ಶೇ. 19ರಷ್ಟು ಕುಗ್ಗಿತು. ಸುದ್ದಿಯಾದದ್ದು ಇಷ್ಟು. ಅದೇ ಅಧ್ಯಯನದ ಮುಂದಿನ ಅರ್ಧ ಯಾವ ವಿಡಿಯೊದಲ್ಲೂ ಬರುವುದಿಲ್ಲ. ಅವರು ಮುಂದಿನ ನಾಲ್ಕು ತಿಂಗಳು ಭಾರ ಬಿಟ್ಟರು, ಕಳೆದುಹೋದ ಗುಣ ಪೂರ್ತಿ ಮರಳಿ ಬಂತು. ಕಲ್ಲಾದದ್ದು ಹಾಗೆ ಮರಳುವುದಿಲ್ಲ. ಮರಳಿತೆಂದರೆ ಎಲಾಸ್ಟಿನ್ ಕಡಿದಿರಲಿಲ್ಲ, ಬಿಗಿದಿದ್ದದ್ದು ಬಹುಮಟ್ಟಿಗೆ ಸ್ನಾಯು ಎಂದೇ ಅರ್ಥ.

ಮರುವರ್ಷ ಕೆನಡಾದಲ್ಲಿ ಯುವಕರಿಂದ ಹನ್ನೆರಡು ವಾರ ಮೈಯ ಎಲ್ಲ ಭಾಗಕ್ಕೂ ಭಾರದ ವ್ಯಾಯಾಮ ಮಾಡಿಸಿದಾಗ ಕತ್ತಿನ ನಾಳದಲ್ಲಿ ಏನೂ ಬದಲಾಗಲಿಲ್ಲ. ಅಮೆರಿಕದಲ್ಲೂ ಹುಡುಗ ಹುಡುಗಿಯರ ಮೇಲೆ ನಡೆದ ಅಷ್ಟೇ ಅವಧಿಯ ಅಧ್ಯಯನದಲ್ಲಿ ಮಹಾಪಧಮನಿಯ ವೇಗ ಇದ್ದಲ್ಲೇ ಇತ್ತು. ಹಾಗಾದರೆ ಯಾರನ್ನು ನಂಬುವುದು? ಎಲ್ಲರನ್ನೂ. ಭಾರ ಎತ್ತುವುದು ಎಂಬುದು ಒಂದೇ ವ್ಯಾಯಾಮವಲ್ಲ. ಎಷ್ಟು ಭಾರ, ಕೈಯದೋ ಕಾಲಿನದೋ, ಸೆಟ್ಟುಗಳ ನಡುವೆ ಎಷ್ಟು ವಿಶ್ರಾಂತಿ, ಉಸಿರು ಹೇಗೆ, ಮೊದಲು ಏನು ಆಮೇಲೆ ಏನು, ಇವೆಲ್ಲ ಸೇರಿ ಫಲ ಬದಲಾಗುತ್ತದೆ. ಒಟ್ಟಾರೆ ಲೆಕ್ಕದಲ್ಲಿ ತುಂಬ ಭಾರದ ಅಭ್ಯಾಸ ಹರೆಯದವರ ನಾಳವನ್ನು ತುಸು ಬಿಗಿಗೊಳಿಸುವ ಕಡೆ ವಾಲುತ್ತದೆ, ಮಧ್ಯಮ ಭಾರದಲ್ಲಿ ಹಾಗೆ ಕಾಣುವುದಿಲ್ಲ.

ಏಕೆ ಬಿಗಿಯಬೇಕು? ಉಸಿರು ಕಟ್ಟಿ ಎತ್ತುವ ಗಳಿಗೆಯನ್ನು ಹತ್ತಿರದಿಂದ ನೋಡಿ. ಬೆಂಚಿನ ಮೇಲೆ ಮಲಗಿದ ಹುಡುಗ ಕೊನೆಯ ಸಲ ಕಂಬಿ ಎದೆಯಿಂದ ಮೇಲೆತ್ತಬೇಕು. ಹಲ್ಲು ಕಚ್ಚುತ್ತಾನೆ, ಗಂಟಲು ಮುಚ್ಚುತ್ತಾನೆ, ಮುಖ ಕೆಂಪೇರುತ್ತದೆ, ಕತ್ತಿನ ನಾಳ ಹಗ್ಗದಂತೆ ಎದ್ದು ನಿಲ್ಲುತ್ತದೆ. ಜೊತೆಗಾರ "ಔರ್ ಏಕ್, ಔರ್ ಏಕ್" ಎಂದು ಕೂಗುತ್ತಾನೆ. ಬಿಗಿದ ಸ್ನಾಯು ತನ್ನೊಳಗಿನ ನಾಳಗಳನ್ನು ಹಿಸುಕುತ್ತದೆ, ಕಟ್ಟಿದ ಉಸಿರು ಎದೆಯೊಳಗಿನ ಒತ್ತಡ ಏರಿಸುತ್ತದೆ. 1985ರಲ್ಲಿ ಮ್ಯಾಕ್‌ಡೌಗಲ್ ಎಂಬ ಸಂಶೋಧಕ ದೇಹದಾರ್ಢ್ಯ ಪಟುಗಳ ಅಪಧಮನಿಯೊಳಗೇ ನಳಿಕೆ ಇಟ್ಟು ಅಳೆದಾಗ, ಎರಡೂ ಕಾಲಿನಿಂದ ಭಾರ ದೂಡುವ ಹೊತ್ತಿಗೆ ಬಿಪಿ ಸರಾಸರಿ 320/250 ಮುಟ್ಟಿತ್ತು. ಒಬ್ಬನದು 480/350 ದಾಟಿತ್ತು. ಕ್ಷಣಗಳ ಮಾತು, ನಿಜ. ಆದರೆ ವಾರಕ್ಕೆ ನೂರಾರು ಸಲ ಅಂಥ ಹೊಡೆತ ಬಿದ್ದರೆ, ಜೊತೆಗೆ ನರಮಂಡಲ ಸದಾ ತಯಾರಿಯಲ್ಲೇ ಇದ್ದರೆ, ನಾಳ ತನ್ನನ್ನು ಕಾಪಾಡಿಕೊಳ್ಳಲು ಬಿಗಿದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಉಸಿರಿನ ಮಾತು ನಾನು ಜಿಮ್ಮಿನ ಮಕ್ಕಳಿಗೆ ಎಷ್ಟು ಹೇಳಿದರೂ ಕಡಿಮೆಯೇ. 1995ರ ಒಂದು ಅಧ್ಯಯನದಲ್ಲಿ ಅದೇ ಜನ, ಅವರವರ ಶಕ್ತಿಯ ಪೂರ್ತಿ ಭಾರವನ್ನೇ ಕಾಲಿನಿಂದ ದೂಡಿದರು. ಉಸಿರು ಕಟ್ಟಿ ದೂಡಿದಾಗ ಬಿಪಿ ಸರಾಸರಿ 311/284. ನಿಧಾನ ಉಸಿರು ಬಿಡುತ್ತ ದೂಡಿದಾಗ 198/175. ಭಾರ ಒಂದು ಕಿಲೋ ಇಳಿಸಿಲ್ಲ, ಗಂಟಲು ತೆರೆದದ್ದಷ್ಟೇ ವ್ಯತ್ಯಾಸ. ಎತ್ತುವಾಗ ಉಸಿರು ಬಿಡು, ಇಳಿಸುವಾಗ ತೆಗೆದುಕೋ. ಹತ್ತು ಎಣಿಸುವುದಿದ್ದರೆ ಬಾಯಿಬಿಟ್ಟು ಎಣಿಸು. ಎಣಿಸುವ ಬಾಯಿ ಉಸಿರು ಕಟ್ಟಲಾರದು.

ಶಿವಾಜಿ ಪಾರ್ಕಿನ ವ್ಯಾಯಾಮ ಮಂದಿರದಲ್ಲಿ ಮಲ್ಲಕಂಬ ಹತ್ತುವ ಮಕ್ಕಳನ್ನು ನೋಡುವಾಗ, ಊರಿನ ಗರಡಿಮನೆಯಲ್ಲಿ ಸಾಮು ಮಾಡಿದ ಹಿರಿಯರ ನೆನಪಾಗುತ್ತದೆ. ದಂಡ, ಬಸ್ಕಿ, ನೂರರ ಲೆಕ್ಕದಲ್ಲಿ, ಉಸಿರಿನ ತಾಳಕ್ಕೆ. ಮೈಯ ತೂಕವೇ ಭಾರ, ನಡುವೆ ನಿಲ್ಲುವುದು ಕಡಿಮೆ. ಜಪಾನಿನ ಒಕಾಮೊಟೊ ಅವರ ತಂಡ 2011ರಲ್ಲಿ ಇದಕ್ಕೆ ಹತ್ತಿರದ್ದೊಂದನ್ನು ಯುವಜನರಲ್ಲಿ ಪರೀಕ್ಷಿಸಿತು. ಶಕ್ತಿಯ ಅರ್ಧದಷ್ಟೇ ಭಾರ, ಸೆಟ್ಟುಗಳ ನಡುವೆ ಚಿಕ್ಕ ವಿಶ್ರಾಂತಿ, ಹತ್ತು ವಾರ. ನಾಳದ ಪೆಡಸು ಏರಲಿಲ್ಲ, ಇಳಿಯಿತು. ಗರಡಿಯ ಸಾಮನ್ನೇ ಹೀಗೆ ಅಳೆದದ್ದಲ್ಲ, ಸಾಮ್ಯ ನನ್ನ ಅಂದಾಜು. ಆದರೆ ಆ ಪದ್ಧತಿಯಲ್ಲಿ ಉಸಿರಿಗಿದ್ದ ಗೌರವ ಇಂದಿನ ಜಿಮ್ಮುಗಳಲ್ಲಿ ಕಾಣುತ್ತಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಅದೇ ತಂಡ 2009ರಲ್ಲಿ ಇನ್ನೊಂದನ್ನು ಕಂಡಿತ್ತು. ಹತ್ತು ವಾರ ಕೈ, ಎದೆ, ಭುಜಕ್ಕೆ ಮಾತ್ರ ಭಾರದ ವ್ಯಾಯಾಮ ಮಾಡಿದವರ ನಾಳ ಪೆಡಸಾಯಿತು. ಕಾಲಿಗೆ ಮಾತ್ರ ಮಾಡಿದವರದು ಆಗಲಿಲ್ಲ. ಕನ್ನಡಿಯ ಮುಂದೆ ತೋಳು ಎದೆಯನ್ನೇ ಬೆಳೆಸಿ ಕಾಲನ್ನು ಮರೆಯುವ ಹುಡುಗರಿಗೆ ಇಷ್ಟಾದರೂ ಗೊತ್ತಿರಬೇಕು.

ಓಟ, ಚುರುಕು ನಡಿಗೆ, ಸೈಕಲ್, ಈಜು, ಇವುಗಳ ಕಥೆ ಬೇರೆ. ಇಲ್ಲಿ ಒತ್ತಡದ ಹೊಡೆತಕ್ಕಿಂತ ಹರಿವಿನ ರಭಸ ದೊಡ್ಡದು. ಅರ್ಧ ಗಂಟೆ ಓಡಿದರೆ ಅಷ್ಟು ಹೊತ್ತೂ ರಕ್ತ ಒಳಪದರವನ್ನು ಉಜ್ಜುತ್ತ ಹರಿಯುತ್ತದೆ, ನೈಟ್ರಿಕ್ ಆಕ್ಸೈಡ್ ಹೊರಡುತ್ತದೆ, ಸ್ನಾಯು ಸಡಿಲುತ್ತದೆ. ದಿನವೂ ಹೀಗಾದರೆ ಒಳಪದರ ಆ ಕೆಲಸವನ್ನು ರೂಢಿ ಮಾಡಿಕೊಳ್ಳುತ್ತದೆ. ತಿಂಗಳುಗಳಲ್ಲಿ ವಿಶ್ರಾಂತಿಯ ನಾಡಿಯೂ ಇಳಿಯುತ್ತದೆ. ನಿಮಿಷಕ್ಕೆ 70 ಇದ್ದದ್ದು 60 ಆದರೆ ದಿನಕ್ಕೆ 14,400 ಬಡಿತ ಉಳಿಯಿತು, ಎಲಾಸ್ಟಿನ್‌ಗೆ ಅಷ್ಟು ಸಲ ಹಿಗ್ಗುವುದು ತಪ್ಪಿತು.

2014ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಓಟ ನಡಿಗೆಯಂಥ ವ್ಯಾಯಾಮ ನಾಡಿ ಅಲೆಯ ವೇಗವನ್ನು ಸರಾಸರಿ 0.63 ಮೀಟರ್ ಇಳಿಸಿತ್ತು. ಹತ್ತು ವಾರ ದಾಟಿ ಮಾಡಿದವರಲ್ಲಿ, ತುಸು ಬಿರುಸಾಗಿ ಮಾಡಿದವರಲ್ಲಿ, ಮೊದಲೇ ನಾಳ ಪೆಡಸಾಗಿದ್ದವರಲ್ಲಿ ಲಾಭ ಹೆಚ್ಚು. ಈ ಕೊನೆಯ ಮಾತನ್ನು ಹರೆಯದವರು ಗಮನಿಸಬೇಕು. ಇಪ್ಪತ್ತೆರಡರ ಆರೋಗ್ಯವಂತ ಹುಡುಗಿಯ ಅಂಕಿ ಆಗಲೇ ಆರರಲ್ಲಿದೆ, ಇನ್ನೆಷ್ಟು ಇಳಿದೀತು? ಮೂರು ತಿಂಗಳು ಓಡಿ ಅಳೆಸಿದರೆ ಬದಲಾವಣೆ ಕಾಣದೆ ಇರಬಹುದು. ಅದನ್ನು ಸೋಲೆಂದು ಓದಬಾರದು. ಏರಬೇಕಾದದ್ದು ಏರದೆ ಉಳಿಯುವುದೇ ಅಲ್ಲಿ ಗಳಿಕೆ, ಅದು ಕಾಣಲು ಇಪ್ಪತ್ತು ವರ್ಷ ಬೇಕು. ಪೆಡಸು ಏರಿದ ಮೇಲೆ ಶುರುಮಾಡಿದವರಲ್ಲಿ ಲಾಭ ಬೇಗ ಕಾಣುತ್ತದೆ. 2000ದಲ್ಲಿ ಪ್ರಕಟವಾದ ಹಿರೊಫುಮಿ ತನಾಕಾ ಅವರ ಅಧ್ಯಯನದಲ್ಲಿ, ಕೂತೇ ಇದ್ದ ನಡುವಯಸ್ಸಿನ ಗಂಡಸರು ಮೂರು ತಿಂಗಳು ಮುಖ್ಯವಾಗಿ ನಡೆದೇ ತಮ್ಮ ಕತ್ತಿನ ನಾಳ ಹಿಗ್ಗುವ ಗುಣವನ್ನು ಶೇ. 25ರಷ್ಟು ಹೆಚ್ಚಿಸಿಕೊಂಡರು. ಲಂಡನ್ ಮ್ಯಾರಥಾನ್‌ಗೆ ಮೊದಲ ಸಲ ತಯಾರಾದ 138 ಜನರನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಆರು ತಿಂಗಳ ತಯಾರಿ ಮಹಾಪಧಮನಿಯನ್ನು ನಾಲ್ಕು ವರ್ಷ ಚಿಕ್ಕದು ಮಾಡಿತ್ತು. ಹೆಚ್ಚು ಲಾಭ ಸಿಕ್ಕಿದ್ದು ವಯಸ್ಸಾದವರಿಗೆ, ನಿಧಾನ ಓಡಿದವರಿಗೆ. ನಮ್ಮ ಮುಂಬಯಿ ಮ್ಯಾರಥಾನ್ ಶುರುವಾದದ್ದು 2004ರಲ್ಲಿ, ಈಗ ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ. ಪೆಡ್ಡರ್ ರೋಡಿನ ಏರಿನಲ್ಲಿ ಏದುಸಿರು ಬಿಡುತ್ತ ಎಲ್ಲರಿಗಿಂತ ಹಿಂದೆ ಬರುವವರನ್ನು ಕಂಡಾಗ ಈ ವರದಿ ನೆನಪಾಗಿ ಜೋರಾಗಿ ಚಪ್ಪಾಳೆ ತಟ್ಟುತ್ತೇನೆ.

ಸಮಯವಿಲ್ಲ ಎನ್ನುವವರು ಚುಟುಕು ಬಿರುಸಿನ ಅಭ್ಯಾಸದ ಬಗ್ಗೆ ಕೇಳುತ್ತಾರೆ. 2008ರ ಒಂದು ಅಧ್ಯಯನದಲ್ಲಿ ಇಪ್ಪತ್ತು ಯುವಜನರಲ್ಲಿ ಅರ್ಧ ಮಂದಿ ವಾರಕ್ಕೆ ಐದು ದಿನ 40ರಿಂದ 60 ನಿಮಿಷ ಸೈಕಲ್ ತುಳಿದರು. ಉಳಿದರ್ಧ ವಾರಕ್ಕೆ ಮೂರೇ ದಿನ, ಅರ್ಧ ನಿಮಿಷದ ಪ್ರಾಣ ಹೋಗುವಷ್ಟು ಬಿರುಸಿನ ತುಳಿತ ನಾಲ್ಕರಿಂದ ಆರು ಸಲ. ಆರು ವಾರದ ಕೊನೆಗೆ ಮಂಡಿಯ ಹಿಂದಿನ ನಾಳ ಎರಡೂ ಗುಂಪಿನಲ್ಲಿ ಒಂದೇ ರೀತಿ ಮೆತುವಾಗಿತ್ತು. ಕತ್ತಿನ ನಾಳದಲ್ಲಿ ಎರಡಕ್ಕೂ ಬದಲಾವಣೆ ಇರಲಿಲ್ಲ. ದುಡಿದ ಕಾಲಿನ ನಾಳ ಮೊದಲು ಒಲಿಯುತ್ತದೆ, ಎದೆ ಕತ್ತಿನ ದೊಡ್ಡ ನಾಳಗಳು ಇನ್ನಷ್ಟು ಕಾಲ ಕೇಳುತ್ತವೆ. ಬಿರುಸಿನ ಅಭ್ಯಾಸ ಕೆಲಸ ಮಾಡುತ್ತದೆ, ಆದರೆ ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯದ ಕಾಯಿಲೆ ಬಂದವರಿದ್ದರೆ ಒಮ್ಮೆ ವೈದ್ಯರಿಗೆ ತೋರಿಸಿಯೇ ಶುರುಮಾಡಿ.

ಸ್ನಾಯುಗಳನ್ನು ಎಳೆದು ಹಿಡಿಯುವ ಅಭ್ಯಾಸಕ್ಕೂ ಇಲ್ಲೊಂದು ಜಾಗವಿದೆ. ಇಟಲಿಯ ಸಂಶೋಧಕರು ಯುವಜನರ ಕಾಲಿನ ಸ್ನಾಯುಗಳನ್ನು ವಾರಕ್ಕೆ ಐದು ದಿನದಂತೆ ಹನ್ನೆರಡು ವಾರ ಎಳೆದು ಹಿಡಿಸಿದಾಗ ನಾಳಗಳು ಹಿಗ್ಗುವುದು ಸುಧಾರಿಸಿತು, ಪೆಡಸು ತಗ್ಗಿತು. ಬೆವರು ಬರದ ಕೆಲಸ, ಮೊಣಕಾಲು ನೋವಿರುವವರಿಗೆ ಒಳ್ಳೆಯ ಆರಂಭ. ಓಟದ ಬದಲಿಗೆ ಇದನ್ನು ಇಡಬಾರದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ ಅಧ್ಯಯನ ಒಕಾಮೊಟೊ ತಂಡದ 2007ರದು. 33 ಯುವಜನರು ಮೂರು ಗುಂಪು. ಒಂದು ಗುಂಪು ಮೊದಲು ಓಡಿ ಆಮೇಲೆ ಭಾರ ಎತ್ತಿತು. ಇನ್ನೊಂದು ಮೊದಲು ಭಾರ ಎತ್ತಿ ಆಮೇಲೆ ಓಡಿತು. ಮೂರನೆಯದು ಏನೂ ಮಾಡಲಿಲ್ಲ. ಎಂಟು ವಾರದ ಮೇಲೆ, ಓಡಿ ಎತ್ತಿದವರ ನಾಳ ಇದ್ದ ಹಾಗೇ ಇತ್ತು. ಎತ್ತಿ ಓಡಿದವರದು ಮೊದಲಿಗಿಂತ ಮೆತುವಾಗಿತ್ತು. ಅದೇ ಭಾರ, ಅದೇ ಓಟ, ಬದಲಾದದ್ದು ಕ್ರಮ ಮಾತ್ರ. ಭಾರ ಎತ್ತಿದ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ನಾಳ ಬಿಗಿದೇ ಇರುತ್ತದೆ ಎಂಬುದು ಬೇರೆ ಅಧ್ಯಯನಗಳಿಂದ ಗೊತ್ತು. ಆ ಹೊತ್ತಿಗೆ ಓಡಿದರೆ ಹರಿವಿನ ರಭಸ ಆ ಬಿಗಿತವನ್ನು ಬಿಡಿಸಿ ಮನೆಗೆ ಕಳಿಸುತ್ತದೆ. ಓಡಿ, ಕೊನೆಗೆ ಭಾರ ಎತ್ತಿದರೆ ಬಿಗಿದ ನಾಳ ಹೊತ್ತೇ ಮನೆಗೆ ಹೋಗುತ್ತೇವೆ. ಚಿಕ್ಕ ಅಧ್ಯಯನ ಹೌದು, ಆದರೆ ಇದನ್ನು ಪಾಲಿಸಲು ಒಂದು ಪೈಸೆಯ ಖರ್ಚಿಲ್ಲ, ಒಂದು ನಿಮಿಷ ಹೆಚ್ಚು ಬೇಡ. ದೋಣಿಗೆ ಹುಟ್ಟು ಹಾಕುವವರಲ್ಲೂ ಇದರ ನೆರಳು ಕಾಣುತ್ತದೆ. ಅವರದು ಶಕ್ತಿ ಮತ್ತು ದಮ್ಮು ಎರಡೂ ಬೆರೆತ ಆಟ. 2006ರಲ್ಲಿ ರೂಢಿಯಾಗಿ ಹುಟ್ಟು ಹಾಕುವ ನಡುವಯಸ್ಸಿನವರನ್ನು ಅಳೆದಾಗ ಅವರ ಕತ್ತಿನ ನಾಳ ಅದೇ ವಯಸ್ಸಿನ ಉಳಿದವರಿಗಿಂತ ಮೆತುವಾಗಿತ್ತು.

ಹಾಗಾಗಿ ಭಾರ ಬಿಡಬೇಕಿಲ್ಲ. ಎಲುಬಿಗೆ, ಸ್ನಾಯುವಿಗೆ, ಸಕ್ಕರೆ ಹತೋಟಿಗೆ ಅದು ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ನಡಿಗೆ ಓಟದ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳಿದೆ. ನಾನು ಗಟ್ಟಿಯಾಗಿ ಬೇಡ ಎನ್ನುವುದು ಜಿಮ್ಮಿನ ಸುತ್ತ ಬೆಳೆದ ಬೇರೆ ಎರಡಕ್ಕೆ. ಎತ್ತುವ ಮೊದಲು ಕುಡಿಯುವ ಪುಡಿಗಳಲ್ಲಿ ಹಲವು ಕೆಫೀನ್ ತುಂಬಿದವು. ನಾಳ ಬಿಗಿಯಿಸಿಕೊಂಡೇ ಭಾರಕ್ಕೆ ಕೈ ಹಾಕಿದಂತೆ ಅದು. ಇನ್ನೊಂದು, ಗುಟ್ಟಾಗಿ ಕೈ ಬದಲಾಗುವ ಸ್ಟಿರಾಯ್ಡ್ ಚುಚ್ಚುಮದ್ದು. ಅದು ಹೃದಯದ ಸ್ನಾಯುವನ್ನೂ ಹೃದಯದ ನಾಳಗಳನ್ನೂ ಕೆಡಿಸುತ್ತದೆ. ಆ ಕೆಡುಕು ನಾಲ್ಕು ತಿಂಗಳ ವಿಶ್ರಾಂತಿಯಲ್ಲಿ ಮರಳಿ ಬರುವ ಬಗೆಯದಲ್ಲ. ದಯವಿಟ್ಟು ಅದರ ಹತ್ತಿರ ಸುಳಿಯಬೇಡಿ.

ಕೂತೇ ಇರುವ ಹೊತ್ತಿನ ಬಗ್ಗೆಯೂ ಅಳಿಯನಿಗೆ ಹೇಳಿದೆ. ಆರು ತಾಸು ಒಂದೇ ಕಡೆ ಕೂತರೆ ಮಂಡಿಯ ಹಿಂದಿನ ನಾಳ ಹಿಗ್ಗುವ ಶಕ್ತಿ ಯುವಕರಲ್ಲೂ ಕುಂದುತ್ತದೆ. ಎದ್ದು ಹತ್ತು ನಿಮಿಷ ನಡೆದರೆ ಮರಳುತ್ತದೆ. ಅವನ ದಿನ ಹೇಗಿತ್ತು? ಆಫೀಸಿನ ಬಸ್ಸಿನಲ್ಲಿ ಕೂತು ಹೋಗುವುದು, ಒಂಬತ್ತು ತಾಸು ಕುರ್ಚಿ, ಮತ್ತೆ ಬಸ್ಸು, ರಾತ್ರಿ ಜಿಮ್. ಟ್ರೆಡ್‌ಮಿಲ್ ಮೇಲೆ ಐದು ನಿಮಿಷ ಮೈ ಬಿಸಿ, ಮುಕ್ಕಾಲು ಗಂಟೆ ಭಾರ, ಅದೂ ಐದು ದಿನದಲ್ಲಿ ನಾಲ್ಕು ದಿನ ಎದೆ ಭುಜ ತೋಳು, ಕೊನೆಗೆ ರಿಕ್ಷಾ ಹತ್ತಿ ಮನೆ.

"ಹಾಗಾದ್ರೆ ಏನು ಬದಲಾಯಿಸ್ಬೇಕು ಮಾವ?" ಎಂದು ಕೇಳಿದ. ಲೆಕ್ಕ ಹಾಕಿದೆವು. ಭಾರದ ದಿನ ಐದರಿಂದ ಮೂರಕ್ಕೆ, ಪ್ರತಿ ಸಲವೂ ಕಾಲಿಗೆ ಪಾಲು. ಬಾಯಿಬಿಟ್ಟು ಎಣಿಕೆ. ಜಿಮ್ಮಿನಿಂದ ಮನೆ ಎರಡೂವರೆ ಕಿಲೋಮೀಟರ್, ಇನ್ನು ಮುಂದೆ ರಿಕ್ಷಾ ಇಲ್ಲ, ಬೀಸು ನಡಿಗೆ ಅಥವಾ ಮೆಲ್ಲೋಟ. ಉಳಿದ ಎರಡು ದಿನ ಮತ್ತು ಭಾನುವಾರ ಓಟ. ವರ್ಷಕ್ಕೊಮ್ಮೆ ಬಿಪಿ, ಕೊಬ್ಬು, ಸಕ್ಕರೆಯ ಪರೀಕ್ಷೆ, ಏಕೆಂದರೆ ಅಪ್ಪನಿಂದ ಬಂದದ್ದನ್ನು ಬರೀ ವ್ಯಾಯಾಮದ ಮೇಲೆ ಬಿಡುವಂತಿಲ್ಲ.

ಮೊನ್ನೆ ರಾತ್ರಿ ಹತ್ತೂಕಾಲಿಗೆ ಫೋನ್ ಬಂತು. ಆ ಕಡೆಯಿಂದ ಏದುಸಿರು, ಹಿನ್ನೆಲೆಯಲ್ಲಿ ಬಸ್ಸಿನ ಹಾರ್ನ್. "ಮಾವ, ಎಲ್‌ಬಿಎಸ್ ರೋಡಲ್ಲಿದ್ದೇನೆ, ನಡೀತಾ ಇದ್ದೇನೆ. ಅಪ್ಪನೂ ಜೊತೆಗಿದ್ದಾರೆ."